ಲಿವರ್‌ಗೆ ಎರಡು ಪದ, ಟೂಲ್‌ಗೆ ಒಂದೇ ಸಾಲು

ಔಷಧದ ಡಬ್ಬಿಯೊಳಗೆ ಮಡಚಿ ಇಡುವ ಮಾಹಿತಿ ಚೀಟಿಗಳನ್ನು ಯುರೋಪಿನ ಭಾಷೆಗಳಿಗೆ ಅನುವಾದ ಮಾಡಿಸಿಕೊಡುವ ಸಂಸ್ಥೆಯೊಂದರ ಬೆಂಗಳೂರು ಕಚೇರಿಯಲ್ಲಿ ನಾನು ಕ್ಯೂಎ, ಅಂದರೆ ಗುಣಮಟ್ಟದ ತಪಾಸಣೆ ನೋಡಿಕೊಳ್ಳುತ್ತೇನೆ. ಪದಬಳಕೆಯಲ್ಲಿ ಏರುಪೇರಿದೆಯೆಂದು ತಪಾಸಣೆಯ ಸಾಫ್ಟ್‌ವೇರ್ ಟೂಲ್ ಕೊಡುವ ಎಚ್ಚರಿಕೆ, ಅಂದರೆ ಟರ್ಮ್ ವಾರ್ನಿಂಗ್, ಸೊನ್ನೆಗೆ ಇಳಿಯದೆ ಅನುವಾದದ ಫೈಲುಗಳ ಪ್ಯಾಕೇಜ್ ಹೊರಗೆ ಹೋಗಬಾರದೆಂಬುದು ನಮ್ಮಲ್ಲಿನ ಕಟ್ಟುನಿಟ್ಟಿನ ನಿಯಮ. ಈ ನಿಯಮದ ಮೇಲೆ ನನಗಿರುವ ಸಿಟ್ಟಿಗೆ ಯಕೃತ್ತಿನ ಹೆಸರೇ ಕಾರಣ.

ಅಂದು ಡೆಲಿವರಿಗೆ ಒಂದು ಗಂಟೆಯೂ ಉಳಿದಿರಲಿಲ್ಲ. ಕೊನೆಯ ರನ್‌ನಲ್ಲಿ ಬಲ್ಗೇರಿಯನ್ ಮತ್ತು ಗ್ರೀಕ್ ಫೈಲುಗಳೆರಡೂ ಕೆಂಪಾದವು. ಬಲ್ಗೇರಿಯನ್‌ನಲ್ಲಿ ಯಕೃತ್ತಿಗೂ ಶ್ವಾಸಕೋಶಕ್ಕೂ ‘ದ್ರೊಬ್’ ಎಂಬ ಒಂದೇ ಪದ ಬಂದಿದೆಯೆಂದು ಟೂಲ್ ತೋರಿಸುತ್ತಿತ್ತು. ಗ್ರೀಕ್‌ನಲ್ಲಿ ಯಕೃತ್ತೊಂದಕ್ಕೇ ‘ಈಪಾರ್’, ‘ಸಿಕೋತಿ’ ಎಂಬ ಎರಡು ಪದಗಳಿದ್ದವು. ಔಷಧದ ಚೀಟಿಯಲ್ಲಿ ಒಂದು ಅಂಗದ ಜಾಗದಲ್ಲಿ ಇನ್ನೊಂದು ಅಂಗ ಬಂದರೆ ಗತಿಯೇನೆಂದು ನಾನು ಬಲ್ಗೇರಿಯನ್ ಫೈಲನ್ನೇ ಹಿಡಿದು ಕುಳಿತೆ. ಗ್ರೀಕ್‌ನದು ಬರೀ ಏಕರೂಪತೆಯ ಸಮಸ್ಯೆ, ಗ್ಲೋಬಲ್ ರಿಪ್ಲೇಸ್ ಹೊಡೆದು (ಎಲ್ಲ ಕಡೆಯೂ ಒಂದೇ ಪದ ಹಾಕಿ) ಕಳಿಸಿಬಿಡಿ ಎಂದು ಮ್ಯಾನೇಜರ್ ಹೇಳಿದಾಗ ನನಗೂ ಅದು ಸರಿಯೆನಿಸಿತು.

ಬಲ್ಗೇರಿಯನ್‌ನಲ್ಲಿ ತಪ್ಪೇ ಇರಲಿಲ್ಲ. ಆ ಭಾಷೆಯಲ್ಲಿ ಯಕೃತ್ತು ‘ಚೆರೆನ್ ದ್ರೊಬ್’, ಅಂದರೆ ಕಪ್ಪು ಒಳಾಂಗ. ಶ್ವಾಸಕೋಶ ‘ಬ್ಯಾಲ್ ದ್ರೊಬ್’, ಅಂದರೆ ಬಿಳಿ ಒಳಾಂಗ. ಬಣ್ಣವನ್ನು ಬಿಟ್ಟು ನಾಮಪದವನ್ನಷ್ಟೇ ಎಣಿಸಿದ ಟೂಲ್ ನನ್ನ ಇಪ್ಪತ್ತು ನಿಮಿಷವನ್ನು ನುಂಗಿತ್ತು. ಅಷ್ಟರಲ್ಲಿ ಗ್ರೀಕ್ ರಿವ್ಯೂವರ್ ಚಾಟ್‌ನಲ್ಲಿ ಬಂದು ರಿಪ್ಲೇಸನ್ನು ತಡೆದರು. ವೈದ್ಯರು ಓದುವ ಎಸ್‌ಎಂಪಿಸಿಯಲ್ಲಿ (ಔಷಧದ ಗುಣವಿವರಗಳ ಸಾರಾಂಶದಲ್ಲಿ) ‘ಈಪಾರ್’ ಇರಬೇಕು, ರೋಗಿ ಓದುವ ಚೀಟಿಯಲ್ಲಿ ಮನೆಮಾತಿನ ‘ಸಿಕೋತಿ’ ಇರಬೇಕು ಎಂಬುದು ಅವರ ವಾದ. ಎರಡೂ ದಸ್ತಾವೇಜುಗಳು ಒಂದೇ ಪ್ಯಾಕೇಜಿನಲ್ಲಿದ್ದುದರಿಂದ ಟೂಲ್ ಅವನ್ನು ಬೆರೆಸಿ ನೋಡಿತ್ತು.

ಆ ಮನೆಮಾತು ಹುಟ್ಟಿದ್ದು ಅಡುಗೆಮನೆಯಲ್ಲಿ. ಪ್ರಾಣಿಗೆ ಅಂಜೂರ ತಿನ್ನಿಸಿ ಕೊಬ್ಬಿಸಿದ ಯಕೃತ್ತನ್ನು ಹಳೆಯ ಗ್ರೀಕರು ‘ಅಂಜೂರದ ಯಕೃತ್ತು’ ಎನ್ನುತ್ತಿದ್ದರು. ಅಂಜೂರಕ್ಕೆ ಗ್ರೀಕ್‌ನಲ್ಲಿ ಇಂದಿಗೂ ‘ಸೀಕೊ’ ಎಂದೇ ಹೆಸರು. ರೋಮನ್ನರು ಅದನ್ನು ‘ಯೆಕುರ್ ಫಿಕಾತುಮ್’ ಎಂದು ತಮ್ಮದಾಗಿಸಿಕೊಂಡರು. ಹಂದಿಗಳಿಗೆ ಒಣ ಅಂಜೂರ ತಿನ್ನಿಸಿ, ಕೊನೆಗೆ ಜೇನು ಬೆರೆಸಿದ ದ್ರಾಕ್ಷಾರಸ ಕುಡಿಸಿ ಕೊಲ್ಲುವ ಕ್ರಮವನ್ನು ಕ್ರಿ.ಶ. 1ನೇ ಶತಮಾನದ ರೋಮನ್ ಲೇಖಕ ಪ್ಲಿನಿ ವಿವರಿಸಿ, ಅದು ಅಪೀಸಿಯಸ್ ಎಂಬವನ ಆವಿಷ್ಕಾರವೆಂದು ಬರೆದಿದ್ದಾನೆ. ಬರುಬರುತ್ತ ‘ಯೆಕುರ್’ ಬಿದ್ದುಹೋಗಿ, ಅಂಜೂರದ ವಿಶೇಷಣವೇ ಅಂಗದ ಹೆಸರಾಗಿ ನಿಂತಿತು: ಇಟಾಲಿಯನ್‌ನ ‘ಫೆಗಾತೊ’, ಸ್ಪ್ಯಾನಿಷ್‌ನ ‘ಈಗಾದೊ’, ರೊಮೇನಿಯನ್‌ನ ‘ಫಿಕಾತ್’, ಫ್ರೆಂಚ್‌ನ ‘ಫ್ವಾ’ ಎಲ್ಲವೂ ಅದರ ಸಂತಾನ. ರಷ್ಯನ್‌ನ ‘ಪೇಚೆನ್’, ಲಿಥುವೇನಿಯನ್‌ನ ‘ಕೆಪೆನೀಸ್’ ಪದಗಳು ಬೇಯಿಸು, ಸುಡು ಎಂಬ ಧಾತುಗಳಿಂದ ಬಂದವು. ಹೀಗೆ ಒಲೆಯ ಬಳಿ ಹುಟ್ಟಿದ ಪದಗಳೇ ಇಂದು ಕೋಟ್ಯಂತರ ಜನರ ದೇಹದ ಮಾತಾಗಿವೆ.

ಹಳೆಯ ಹೆಸರು ಪೂರ್ತಿ ಸಾಯಲಿಲ್ಲ. ಗ್ರೀಕ್ ವೈದ್ಯರ ‘ಈಪಾರ್’, ಹೆಪಟೈಟಿಸ್‌ನ ಮೊದಲ ಭಾಗ, ಲ್ಯಾಟಿನ್‌ನ ‘ಯೆಕುರ್’, ಪರ್ಷಿಯನ್‌ನ ‘ಜಿಗರ್’, ಸಂಸ್ಕೃತದಿಂದ ನಮ್ಮ ಪಠ್ಯಪುಸ್ತಕಕ್ಕೆ ಬಂದ ‘ಯಕೃತ್ತು’ ಒಂದೇ ಮೂಲದವು. ನಮ್ಮಲ್ಲಿಯೂ ಯಕೃತ್ತು ಪುಸ್ತಕದಲ್ಲಿದೆ, ರೋಗಿಯ ಬಾಯಲ್ಲಿರುವುದು ಲಿವರ್. ಆದುದರಿಂದ ಗ್ರೀಕ್ ರಿವ್ಯೂವರ್ ಹೇಳಿದ್ದು ನನಗೆ ಆ ಕ್ಷಣದಲ್ಲೇ ಮನದಟ್ಟಾಯಿತು.

ಚೀಟಿ ರೋಗಿಗೆ ಸ್ಪಷ್ಟವಾಗಿ ಅರ್ಥವಾಗಬೇಕು, ಅಂಥ ರೋಗಿಗಳ ಅಭಿಪ್ರಾಯ ಪಡೆದು ಅದನ್ನು ರೂಪಿಸಬೇಕು ಎಂದು ಯುರೋಪಿಯನ್ ಒಕ್ಕೂಟದ 2001/83 ಸಂಖ್ಯೆಯ ನಿರ್ದೇಶನವೇ ಹೇಳುತ್ತದೆ. ಕಣ್ಣು ಹಳದಿಯಾದರೆ ಕೂಡಲೇ ವೈದ್ಯರನ್ನು ಕಾಣಿ ಎಂಬ ಸಾಲಿನ ಪಕ್ಕದಲ್ಲಿ ಬರುವ ಪದವಿದು. ಓದುವವರು ಅಲ್ಲಿ ತಡವರಿಸಬಾರದು. ಇಷ್ಟು ಗೊತ್ತಿದ್ದೂ ನಮ್ಮ ಟರ್ಮ್‌ಬೇಸ್‌ನಲ್ಲಿ, ಅಂದರೆ ಟೂಲ್ ಆಧರಿಸುವ ಪದಪಟ್ಟಿಯಲ್ಲಿ, ಒಂದು ಪರಿಕಲ್ಪನೆಗೆ ಒಂದೇ ಸಾಲು ಕೊಡಲಾಗಿದೆ, ಯಾರು ಓದುತ್ತಾರೆ ಎಂದು ಗುರುತಿಸಲು ಒಂದು ಕಾಲಂ ಇಲ್ಲ.

ಅಂದು ಎರಡೂ ವಾರ್ನಿಂಗ್‌ಗಳನ್ನು ಫಾಲ್ಸ್ ಪಾಸಿಟಿವ್ (ತಪ್ಪಿಲ್ಲದಿದ್ದರೂ ಬಂದ ಎಚ್ಚರಿಕೆ) ಎಂದು ಗುರುತಿಸಿ, ಕಾರಣ ಬರೆದು, ತಡವಾಗಿಯೇ ಕಳಿಸಿದೆವು. ತಡವಾದುದಕ್ಕೆ ಮೇಲಿನವರು ವಿವರಣೆ ಕೇಳಿದರು. ಕಾಲಂ ಸೇರಿಸಿ ಎಂಬ ನನ್ನ ಕೋರಿಕೆಗೆ ಮಾತ್ರ ಉತ್ತರ ಬಂದಿಲ್ಲ. ಅದು ಬರುವ ತನಕ, ಅಂಗಗಳ ಹೆಸರಿರುವ ಯಾವ ಫೈಲಿಗೂ ಆ ಭಾಷೆಯ ರಿವ್ಯೂವರ್ ಒಪ್ಪದೆ ನಾನು ರಿಪ್ಲೇಸ್ ಹೊಡೆಯುವುದಿಲ್ಲವೆಂದು ಮ್ಯಾನೇಜರಿಗೆ ಮೇಲ್‌ನಲ್ಲೇ ತಿಳಿಸಿದ್ದೇನೆ.