“ಒಳಗೇ ಉಪಕರಣ ಏನಾದರೂ ಮುರಿದು ಉಳಿದುಬಿಟ್ಟರೆ?”

ನಾನು ಆಪರೇಷನ್ ಥಿಯೇಟರಿನಲ್ಲಿ ಡಾಕ್ಟರ ಕೈಗೆ ಉಪಕರಣ ಕೊಟ್ಟು ವಾಪಸ್ ಪಡೆಯುವ ಸ್ಕ್ರಬ್ ನರ್ಸ್ ಅಂತ ಗೊತ್ತಾದರೆ ಸಾಕು, ಬೆನ್ನಿನ ಆಪರೇಷನ್ನಿಗೆ ಹೊರಟವರು ದನಿ ತಗ್ಗಿಸಿ ಇದನ್ನೇ ಕೇಳುತ್ತಾರೆ. ಹಾಗೆಲ್ಲ ಆಗಲ್ಲ ಅಂದುಬಿಡುವುದು ಸುಲಭ. ಆದರೆ ಅಪರೂಪಕ್ಕೆ ಆಗುತ್ತದೆ.

ಬೆನ್ನುಮೂಳೆಗಳ ನಡುವಿನ ಮೆತ್ತೆಯಾದ ಡಿಸ್ಕನ್ನು ಕಚ್ಚಿ ತೆಗೆಯುವ, ಇಕ್ಕಳದಂಥ ಪಂಚ್‌ನ ಬಾಯಿ ಕೆಲವೇ ಮಿಲಿಮೀಟರ್ ಅಗಲ. ಕ್ರಿಮಿ ಕೊಲ್ಲಲು ಮತ್ತೆ ಮತ್ತೆ ಆಟೋಕ್ಲೇವ್‌ನ ಬಿಸಿ ಹಬೆಯಲ್ಲಿ ಬೆಂದು, ಬಳಸಿ ಬಳಸಿ ಅದರ ದವಡೆ ಹಿಡಿದ ಪಿನ್ ಸವೆದಿರುತ್ತದೆ. ಮೆತ್ತಗಿನ ಡಿಸ್ಕಿಗೆಂದು ಮಾಡಿದ್ದರಲ್ಲಿ ಮೂಳೆ ಕಚ್ಚಿಸಿ ತಿರುಚಿದರೆ ಮುರಿಯದೆ ಇನ್ನೇನು?

ಒಂದು ಸಲ ಡಾಕ್ಟರು ವಾಪಸ್ ಕೊಟ್ಟ ಪಂಚನ್ನು ಒರೆಸುತ್ತಿದ್ದೆ. ಗಾಜ್ ಬಟ್ಟೆ ಎಲ್ಲೂ ತಡೆಯದೆ ಜಾರಿತು. ನೋಡಿದರೆ ಕೆಳದವಡೆ ಇದೆ, ಮೇಲಿನದಿಲ್ಲ. “ಸರ್, ತುದಿ ಇಲ್ಲ” ಅಂದೆ. ಅವರು ಕೈ ಹಿಂದಕ್ಕೆ ತೆಗೆದರು, ರಕ್ತ ಹೀರುವ ಸಕ್ಷನ್ ನಿಲ್ಲಿಸಿದರು. ಮೈಕ್ರೋಸ್ಕೋಪಿನಲ್ಲಿ ಏನೂ ಕಾಣಲಿಲ್ಲ. ಸಿ-ಆರ್ಮ್ ಅನ್ನುವ ಎಕ್ಸ್‌ರೇ ಯಂತ್ರ ತಳ್ಳಿಕೊಂಡು ಬಂದು ನೇರಕ್ಕೊಂದು, ಪಕ್ಕದಿಂದೊಂದು ಚಿತ್ರ ತೆಗೆದರು. ಒಂದೇ ಚಿತ್ರದಲ್ಲಿ ಆಳ ತಿಳಿಯುವುದಿಲ್ಲ. ತುಣುಕು ಡಿಸ್ಕಿನ ಮುಂಭಾಗಕ್ಕೆ, ಅಂದರೆ ಹೊಟ್ಟೆಯ ಕಡೆಗೆ, ಸರಿದಿತ್ತು. ಅದರಾಚೆ ದೊಡ್ಡ ರಕ್ತನಾಳಗಳು, ಅಂದಾಜಿನ ಮೇಲೆ ಕೆದಕುವ ಜಾಗ ಅದಲ್ಲ. ಎಕ್ಸ್‌ರೇ ನೋಡುತ್ತಲೇ ಇನ್ನೊಂದು ಪಂಚಿನಲ್ಲಿ ಕಚ್ಚಿ ತೆಗೆದರು. ಟ್ರಾಲಿಯ ಮೇಲೆ ಅದನ್ನು ಮುರಿದ ಜಾಗಕ್ಕೆ ಹೊಂದಿಸಿ, ಚೂರೇನೂ ಕಮ್ಮಿ ಇಲ್ಲ ಅಂತ ಖಾತ್ರಿಯಾದ ಮೇಲೇ ನಾನು ಉಸಿರು ಬಿಟ್ಟಿದ್ದು.

ತೆಗೆಯದೆ ಬಿಡುವುದೂ ಉಂಟು. ಮುರಿದ ಡ್ರಿಲ್ ತುದಿ ಮೂಳೆಯೊಳಗೆ ಗಟ್ಟಿಯಾಗಿ ಕೂತು, ನರಕ್ಕೂ ರಕ್ತನಾಳಕ್ಕೂ ದೂರವಿದ್ದರೆ, ಅಗೆದು ತೆಗೆಯುವುದೇ ಹೆಚ್ಚು ಹಾನಿ. ಇದನ್ನು ಕೇಳಿದವರ ಮುಖ ಸಪ್ಪಗಾಗುತ್ತದೆ. ಆದರೆ ರೋಗಿಗೆ ಹೇಳಲೇಬೇಕು, ಕೇಸ್ ಶೀಟಿನಲ್ಲಿ ಬರೆಯಲೇಬೇಕು. ಉಪಕರಣಗಳ ಉಕ್ಕು ಎಷ್ಟೋ ಸಲ ಅಯಸ್ಕಾಂತಕ್ಕೆ ಅಂಟುವ ಜಾತಿಯದು, ಬೆನ್ನಿಗೆ ಹಾಕಿ ಬಿಡುವ ಟೈಟಾನಿಯಂ ಸ್ಕ್ರೂ ಹಾಗಲ್ಲ. ಎಂಆರ್‌ಐ ಸ್ಕ್ಯಾನ್ ಯಂತ್ರವೇ ಬಲವಾದ ಅಯಸ್ಕಾಂತ, ಮುಂದೆ ಅದನ್ನು ಮಾಡುವವರಿಗೆ ಒಳಗೆ ಉಳಿದ ಚೂರಿನ ವಿಷಯ ಗೊತ್ತಿರಬೇಕು.

ವಿಶ್ವ ಆರೋಗ್ಯ ಸಂಸ್ಥೆಯ 2009ರ ಆಪರೇಷನ್ ಸುರಕ್ಷತೆಯ ಚೆಕ್‌ಲಿಸ್ಟಿನ ಪ್ರಕಾರ ಕೊನೆಗೆ ಉಪಕರಣಗಳ ಎಣಿಕೆ ಸರಿಯಿದೆ ಅಂತ ನರ್ಸ್ ಬಾಯಿಬಿಟ್ಟು ಹೇಳಬೇಕು. ಅವತ್ತು ಬರೀ ಎಣಿಸಿದ್ದರೆ ಲೆಕ್ಕ ಸರಿಯಾಗೇ ಬರುತ್ತಿತ್ತು. ತುದಿಯಿಲ್ಲದ ಪಂಚೂ ಒಂದು ಪಂಚೇ ತಾನೆ! ಅದಕ್ಕೇ ಕೈಗೆ ವಾಪಸ್ ಬಂದ ಪ್ರತಿಯೊಂದರ ಬಾಯನ್ನೂ ಆಗಲೇ ನೋಡಿಬಿಡುತ್ತೇನೆ.

ಆ ಸಂಜೆ ಮುರಿದದ್ದನ್ನು ಚೀಟಿ ಅಂಟಿಸಿ ಬೇರೆ ಇಟ್ಟೆ. ಅದೇ ಟ್ರೇಯ ಇನ್ನೊಂದು ಪಂಚಿನ ಪಿನ್ ಕೂಡ ಅಲ್ಲಾಡುತ್ತಿತ್ತು. ಅದನ್ನೂ ತೆಗೆದಿಟ್ಟೆ.