ಫ್ರೀಜ್ ಮಾಡಿಟ್ರೆ ವೀರ್ಯದ ಡಿಎನ್‌ಎ ಹಾಳಾಗಲ್ವಾ? ಎಲ್ಲರೂ ಕೇಳೋ ಪ್ರಶ್ನೆಗೆ ನನ್ನ ಉತ್ತರ

ನಾನು ಆಂಡ್ರಾಲಜಿ ಲ್ಯಾಬ್‌ನಲ್ಲಿ, ಅಂದ್ರೆ ವೀರ್ಯ ಪರೀಕ್ಷೆ ಮಾಡಿ ಫ್ರೀಜ್ ಮಾಡಿಡೋ ಲ್ಯಾಬ್‌ನಲ್ಲಿ, ಕೆಲಸ ಮಾಡೋದು ಅಂತ ಗೊತ್ತಾದ್ರೆ ಸಾಕು, ಜನ ಒಂದು ಗಳಿಗೆ ಸುಮ್ಮನಿದ್ದು ಆಮೇಲೆ ದನಿ ತಗ್ಗಿಸಿ ಕೇಳ್ತಾರೆ, "ಅಲ್ಲಾ, ಅಷ್ಟು ವರ್ಷ ಫ್ರೀಜ್ ಮಾಡಿಟ್ರೆ ಸ್ಪರ್ಮ್ ಕೆಟ್ಟೋಗಲ್ವಾ, ಡಿಎನ್‌ಎ ಹಾಳಾಗಿ ಮಗುಗೇನಾದ್ರೂ ಆದ್ರೆ?"

ಕೆಡುತ್ತೆ, ಆದ್ರೆ ಇಟ್ಟ ವರ್ಷಗಳಿಂದ ಅಲ್ಲ. ಲಿಕ್ವಿಡ್ ನೈಟ್ರೋಜನ್ ಇರೋದು ಮೈನಸ್ 196 ಡಿಗ್ರಿಯಲ್ಲಿ, ಆ ಚಳಿಯಲ್ಲಿ ಜೀವಕೋಶದೊಳಗಿನ ರಾಸಾಯನಿಕ ಕ್ರಿಯೆ ಎಲ್ಲಾ ಹೆಚ್ಚುಕಮ್ಮಿ ನಿಂತೇ ಹೋಗಿರುತ್ತೆ, ಹಾಗಾಗಿ ಒಂದು ವರ್ಷ ಇಟ್ರೂ ಇಪ್ಪತ್ತು ವರ್ಷ ಇಟ್ರೂ ಅಂಥಾ ವ್ಯತ್ಯಾಸ ಏನಿಲ್ಲ. ಇಂಗ್ಲೆಂಡಲ್ಲಿ ಕ್ಯಾನ್ಸರ್ ಚಿಕಿತ್ಸೆಗೆ ಮುಂಚೆ ಒಬ್ಬ ಹುಡುಗ ಇಡಿಸಿದ್ದ ವೀರ್ಯದಿಂದ 21 ವರ್ಷ ಆದ್ಮೇಲೆ ಆರೋಗ್ಯವಾಗಿ ಗಂಡು ಮಗು ಹುಟ್ಟಿದ್ದು 2004ರಲ್ಲೇ ವೈದ್ಯಕೀಯ ಪತ್ರಿಕೆಯಲ್ಲಿ ಬಂದಿದೆ.

ಏಟು ಬೀಳೋದು ಆ ಚಳಿಗೆ ಇಳಿಯುವಾಗ, ಆಮೇಲೆ ವಾಪಸ್ ಹತ್ತುವಾಗ. ಸುಮಾರು ಮೈನಸ್ 15ರಿಂದ ಮೈನಸ್ 60ರವರೆಗಿನ ದಾರಿ ಇದೆಯಲ್ಲ, ಅದನ್ನ ವೀರ್ಯಾಣು ಎರಡು ಸಲ ದಾಟಬೇಕು, ನಷ್ಟದ ಬಹುಪಾಲು ಅಲ್ಲೇ. ಮೊದಲು ಹೊರಗಿನ ನೀರು ಐಸ್ ಆಗುತ್ತೆ, ಉಳಿದ ದ್ರವದಲ್ಲಿ ಉಪ್ಪಿನಂಶ ಏರುತ್ತೆ, ಅದು ಕೋಶದ ಒಳಗಿನ ನೀರನ್ನ ಎಳ್ಕೊಂಡು ಕೋಶ ಮುದುಡಿಕೊಳ್ಳುತ್ತೆ. ನಿಧಾನ ಆದ್ರೆ ಹೀಗೆ ಬತ್ತಿ ಹೋಗುತ್ತೆ, ತೀರಾ ಫಾಸ್ಟ್ ಆದ್ರೆ ನೀರು ಹೊರಗೆ ಬರೋಕೆ ಟೈಮೇ ಸಿಗದೆ ಒಳಗೇ ಐಸ್ ಕಟ್ಟುತ್ತೆ. ಥಾ ಮಾಡುವಾಗ, ಅಂದ್ರೆ ಕರಗಿಸುವಾಗ, ಇದರ ಉಲ್ಟಾ, ನೀರು ಒಮ್ಮೆಲೆ ಒಳಗೆ ನುಗ್ಗಿ ಪೊರೆ ಒಡೆಯೋ ಚಾನ್ಸ್ ಇರುತ್ತೆ.

ಇದನ್ನ ತಡೆಯೋಕೆ ಗ್ಲಿಸರಾಲ್ ಅನ್ನೋ ದ್ರವ ಹಾಕ್ತೀವಿ. ಅದು ಸಿಕ್ಕಿದ ಕಥೆ ನನಗೆ ಭಾರಿ ಇಷ್ಟ, 1949ರಲ್ಲಿ ಪೋಲ್ಜ್, ಸ್ಮಿತ್, ಪಾರ್ಕ್ಸ್ ಅನ್ನೋ ವಿಜ್ಞಾನಿಗಳು ಹುಂಜದ ವೀರ್ಯ ಫ್ರೀಜ್ ಮಾಡೋಕೆ ಸಕ್ಕರೆ ದ್ರಾವಣ ಅಂದ್ಕೊಂಡು ಬಳಸಿದ ಬಾಟಲಿಯಲ್ಲಿ ಇದ್ದಿದ್ದು ಗ್ಲಿಸರಾಲ್, ಲೇಬಲ್ ಅದಲುಬದಲಾಗಿತ್ತು! 1953ರ ಹೊತ್ತಿಗೆ ಅಮೆರಿಕದಲ್ಲಿ ಬಂಜ್ ಮತ್ತು ಶರ್ಮನ್ ಫ್ರೀಜ್ ಮಾಡಿದ ವೀರ್ಯದಿಂದ ಹೆಂಗಸರು ಗರ್ಭಿಣಿಯಾದ್ರು ಅಂತ ವರದಿ ಮಾಡಿದ್ರು.

ಗ್ಲಿಸರಾಲ್ ಇದ್ರೂ ನಷ್ಟ ತಪ್ಪಲ್ಲ. ಥಾ ಆದ ಒಂದು ಹನಿನ ಸ್ಲೈಡ್ ಮೇಲಿಟ್ಟು ನೋಡಿದ್ರೆ ಕೆಲವು ನೆಟ್ಟಗೆ ಈಜ್ತಾ ಹೋಗ್ತಿರ್ತವೆ, ಕೆಲವು ಇದ್ದಲ್ಲೇ ಬಾಲ ಅಲ್ಲಾಡಿಸ್ತಾ ಇರ್ತವೆ, ಕೆಲವುದರ ಬಾಲ ಸುರುಳಿ ಸುತ್ತಿಕೊಂಡಿರುತ್ತೆ, ಉಳಿದದ್ದು ಅಲ್ಲಾಡೋದೇ ಇಲ್ಲ. ಸಾಮಾನ್ಯವಾಗಿ ಮೊದಲು ಓಡಾಡ್ತಿದ್ದವುಗಳಲ್ಲಿ ಅರ್ಧದಷ್ಟು ನಿಂತು ಹೋಗಿರ್ತವೆ, ಮೊದಲೇ ವೀಕ್ ಇದ್ದ ಸ್ಯಾಂಪಲ್ ಆದ್ರೆ ಇನ್ನೂ ಜಾಸ್ತಿ.

ಈಗ ಡಿಎನ್‌ಎ ವಿಷಯ. ಅದು ಓಡಾಟದಷ್ಟು ಸುಲಭಕ್ಕೆ ಕೆಡಲ್ಲ, ಯಾಕಂದ್ರೆ ವೀರ್ಯಾಣುವಿನ ತಲೆಯೊಳಗೆ ಡಿಎನ್‌ಎನ ಪ್ರೋಟಮೀನ್ ಅನ್ನೋ ಪ್ರೋಟೀನ್ ಬಿಗಿಯಾಗಿ ಒತ್ತಿ ಕಟ್ಟಿಟ್ಟಿರುತ್ತೆ, ಚೆನ್ನಾಗಿ ಪ್ಯಾಕ್ ಮಾಡಿದ ಸೂಟ್‌ಕೇಸ್ ಥರ. ಹಾಗಂತ ಏನೂ ಆಗಲ್ಲ ಅಂತಲ್ಲ. ಕೋಶಕ್ಕೆ ಶಕ್ತಿ ಕೊಡೋ ಮೈಟೋಕಾಂಡ್ರಿಯಾಗೆ ಪೆಟ್ಟಾದಾಗ ಆಮ್ಲಜನಕದಿಂದ ಹುಟ್ಟೋ ಹಾನಿಕಾರಕ ಕಣಗಳು ಜಾಸ್ತಿ ಉತ್ಪತ್ತಿಯಾಗಿ ಅವು ಡಿಎನ್‌ಎ ಎಳೆಗಳನ್ನ ಕಡಿತವೆ, ಇದನ್ನೇ ಫ್ರಾಗ್ಮೆಂಟೇಶನ್ ಅನ್ನೋದು, ಟ್ಯೂನೆಲ್, ಕಾಮೆಟ್ ಅಂತ ಟೆಸ್ಟ್‌ಗಳಲ್ಲಿ ಗೊತ್ತಾಗುತ್ತೆ. ಫ್ರೀಜ್ ಮಾಡಿದ್ಮೇಲೆ ಇದು ಏರುತ್ತೆ ಅಂತ ಎಷ್ಟೋ ಅಧ್ಯಯನ ಹೇಳ್ತವೆ, ಅಷ್ಟೇನೂ ಇಲ್ಲ ಅನ್ನೋವೂ ಇವೆ, ಮಕ್ಕಳಾಗದ ಸಮಸ್ಯೆ ಇರೋರ ಸ್ಯಾಂಪಲ್‌ನಲ್ಲಿ ಏರಿಕೆ ಎದ್ದು ಕಾಣುತ್ತೆ. ವೀರ್ಯಾಣುವಿಗೆ ತನ್ನ ಡಿಎನ್‌ಎ ತಾನೇ ರಿಪೇರಿ ಮಾಡ್ಕೊಳ್ಳೋ ಶಕ್ತಿ ಇಲ್ಲ ಅಂತಾನೇ ಹೇಳ್ಬೇಕು, ಆ ಕೆಲಸ ಫಲಿತವಾದ ಮೇಲೆ ಅಂಡಾಣು ಮಾಡುತ್ತೆ, ಅದೂ ಒಂದು ಮಿತಿವರೆಗೆ ಮಾತ್ರ. ಜನ ಇನ್ನೊಂದು ಗೊಂದಲ ಮಾಡ್ಕೊಳ್ತಾರೆ, ಎಳೆ ತುಂಡಾಗೋದು ಅಂದ್ರೆ ಹೊಸ ಆನುವಂಶಿಕ ಕಾಯಿಲೆ ಹುಟ್ಟಿಕೊಳ್ತು ಅಂತ ಅರ್ಥ ಅಲ್ಲ, ಫ್ರಾಗ್ಮೆಂಟೇಶನ್ ಜಾಸ್ತಿ ಇದ್ದಾಗ ಮುಖ್ಯವಾಗಿ ಭಯ ಇರೋದು ಗರ್ಭ ನಿಲ್ಲದೇ ಇರೋದು, ಗರ್ಭಪಾತ ಇಂಥವಕ್ಕೆ. ದಶಕಗಳಿಂದ ಫ್ರೀಜ್ ಮಾಡಿದ ವೀರ್ಯದಿಂದ ಮಕ್ಕಳು ಹುಟ್ತಾನೇ ಇದ್ದಾರೆ, ಅವರಲ್ಲಿ ಹುಟ್ಟು ನ್ಯೂನತೆ ಜಾಸ್ತಿ ಅಂತ ಕಂಡುಬಂದಿಲ್ಲ.

ಓಡಾಡೋ ವೀರ್ಯಾಣುಗಳಲ್ಲಿ ಅರ್ಧ ಹೋದ್ರೆ ಅದು ಸಮಸ್ಯೆನಾ ಅನ್ನೋದು ಮುಂದೆ ಏನು ಮಾಡ್ತೀರಿ ಅನ್ನೋದ್ರ ಮೇಲೆ ನಿಂತಿದೆ. ವೀರ್ಯವನ್ನ ನೇರ ಗರ್ಭಕೋಶಕ್ಕೆ ಬಿಡೋ ಐಯುಐಗೆ ಲಕ್ಷಗಟ್ಟಲೆ ಓಡಾಡೋ ವೀರ್ಯಾಣು ಬೇಕು, ಲ್ಯಾಬ್‌ನಲ್ಲಿ ಅಂಡಾಣುವಿನೊಳಗೇ ವೀರ್ಯಾಣು ಚುಚ್ಚಿ ಬಿಡೋ ಇಕ್ಸಿಯಲ್ಲಾದ್ರೆ ಒಂದು ಅಂಡಾಣುಗೆ ಜೀವ ಇರೋ ಒಂದೇ ಒಂದು ಸಾಕು. ಕೀಮೋ ಶುರುವಾಗೋರಿಗಂತೂ ನಾನು ಹೇಳೋದು, ಕ್ವಾಲಿಟಿ ಕಮ್ಮಿ ಇದೆ ಅಂತ ಹಿಂಜರಿಬೇಡಿ, ಟ್ರೀಟ್‌ಮೆಂಟ್‌ಗೆ ಮುಂಚೆನೇ ಇಟ್ಬಿಡಿ.

ಲ್ಯಾಬ್‌ನವರನ್ನ ಎಷ್ಟು ವರ್ಷ ಇಡಬಹುದು ಅಂತ ಕೇಳೋದಕ್ಕಿಂತ ಟೆಸ್ಟ್ ಥಾ, ಅಂದ್ರೆ ಸ್ವಲ್ಪ ಕರಗಿಸಿ ಪರೀಕ್ಷೆ, ಮಾಡಿದ್ರಾ, ಎಷ್ಟು ಮೊಟಿಲಿಟಿ (ಓಡಾಟ) ಉಳೀತು, ಎಷ್ಟು ಸ್ಟ್ರಾದಲ್ಲಿ (ಸಣ್ಣ ಕೊಳವೆಗಳಲ್ಲಿ) ಹಂಚಿಟ್ಟಿದ್ದೀರಿ ಅಂತ ಕೇಳಿ, ಯಾಕಂದ್ರೆ ಒಂದ್ಸಲ ಕರಗಿಸಿದ್ದನ್ನ ಮತ್ತೆ ಫ್ರೀಜ್ ಮಾಡಿದ್ರೆ ಇನ್ನೊಂದು ರೌಂಡ್ ನಷ್ಟ, ಬೇಕಾದಷ್ಟೇ ತೆಗೆಯೋ ಹಾಗೆ ಚಿಕ್ಕಚಿಕ್ಕ ಸ್ಟ್ರಾದಲ್ಲಿದ್ರೆ ಉಳಿದದ್ದನ್ನ ಮುಟ್ಟೋದೇ ಬೇಡ.