ವಾಸನೆ ಯಾವಾಗ ಬರುತ್ತದೆ ಅಂತ ಮೊದಲು ಹೇಳಿ

ಗೋವಾದಲ್ಲಿ ಹಾಯಿದೋಣಿಗಳ ಪ್ಲಂಬಿಂಗು, ಪಂಪು, ಸಣ್ಣಪುಟ್ಟ ಎಂಜಿನ್ ಕೆಲಸ ನನ್ನ ಹೊಟ್ಟೆಪಾಡು. ಊರು ಅಂಕೋಲಾ ಕಡೆ. ಮಳೆಗಾಲ ಮುಗಿದು ಅಕ್ಟೋಬರಿನಲ್ಲಿ ದೋಣಿಗಳು ನೀರಿಗಿಳಿಯುತ್ತಿದ್ದಂತೆ ಬರುವ ಫೋನುಗಳಲ್ಲಿ ಹೆಚ್ಚಿನವು ಒಂದೇ ಪ್ರಶ್ನೆಯವು: “ಟಾಯ್ಲೆಟ್ ನಾರ್ತಾ ಇದೆ, ಯಾವ ಕೆಮಿಕಲ್ ಹಾಕೋದು?” ನಾನು ಕೆಮಿಕಲ್ ಹೆಸರು ಹೇಳುವುದಿಲ್ಲ. ವಾಸನೆ ಯಾವಾಗ ಬರುತ್ತದೆ ಅಂತ ತಿರುಗಿ ಕೇಳುತ್ತೇನೆ. ನಾಲ್ಕು ದಿನ ಬಿಟ್ಟು ಬಂದು ಮೊದಲ ಸಲ ಪಂಪ್ ಹೊಡೆದಾಗಲೋ? ಯಾರೂ ಬಳಸದೆ ಇದ್ದಾಗಲೂ ಕ್ಯಾಬಿನ್ನಿನಲ್ಲಿ ಇರುತ್ತದೋ? ಡೆಕ್ ಮೇಲೆ ಕೂತವರಿಗೆ ಬರುತ್ತದೋ? ಗಾಳಿ ಹಿಡಿದು ದೋಣಿ ಒಂದು ಕಡೆ ವಾಲಿದಾಗ ಮಾತ್ರವೋ? ಇಷ್ಟು ಗೊತ್ತಾದರೆ ಪಾನಾ ಎತ್ತಿಕೊಳ್ಳುವ ಮೊದಲೇ ಅರ್ಧ ಕೆಲಸ ಆದ ಹಾಗೆ.

ದೋಣಿಯ ಟಾಯ್ಲೆಟ್ ನೋಡದವರಿಗೆ ಎರಡು ಮಾತು. ಪಕ್ಕದಲ್ಲೊಂದು ಕೈಪಂಪು ಇರುತ್ತದೆ. ಅದು ದೋಣಿಯ ತಳದ ವಾಲ್ವಿನಿಂದ ಸಮುದ್ರದ ನೀರು ಎಳೆದು ಬೋಗುಣಿಗೆ ಬಿಡುತ್ತದೆ, ಬೋಗುಣಿಯಲ್ಲಿದ್ದದ್ದನ್ನು ದಪ್ಪ ಹೋಸಿನ ಮೂಲಕ ಹೋಲ್ಡಿಂಗ್ ಟ್ಯಾಂಕಿಗೆ, ಅಂದರೆ ಖಾಲಿ ಮಾಡುವ ತನಕ ಮಲ ತುಂಬಿಡುವ ಟ್ಯಾಂಕಿಗೆ, ತಳ್ಳುತ್ತದೆ. ಟ್ಯಾಂಕಿನಿಂದ ಗಾಳಿಗೆಂದು ಒಂದು ಸಣ್ಣ ಕೊಳವೆ ಹೊರಗೆ ಹೋಗುತ್ತದೆ, ಅದೇ ವೆಂಟ್. ಇಡೀ ವ್ಯವಸ್ಥೆ ಇಷ್ಟೇ. ಟ್ಯಾಂಕನ್ನು ಮಾತ್ರ ಎಷ್ಟೋ ಸಲ ಮಲಗುವ ಮಂಚದ ಕೆಳಗೇ ಕೂರಿಸಿರುತ್ತಾರೆ. ಆ ಡಿಸೈನ್ ಮಾಡಿದವರು ಅದರ ಮೇಲೆ ಒಂದು ರಾತ್ರಿ ಮಲಗಿ ನೋಡಿದ್ದರೆ ಚೆನ್ನಾಗಿತ್ತು.

ಮೊದಲ ಪಂಪಿಗೆ ಕೊಳೆತ ಮೊಟ್ಟೆಯ ವಾಸನೆ ಬಂದು, ಹತ್ತು ನಿಮಿಷದಲ್ಲಿ ಹೋಗಿಬಿಟ್ಟರೆ ಟ್ಯಾಂಕಿಗೂ ಅದಕ್ಕೂ ಸಂಬಂಧವಿಲ್ಲ. ಇದನ್ನು ಮಾಲೀಕರಿಗೆ ನಂಬಿಸುವುದೇ ಕಷ್ಟ. ನಾರುವುದು ಒಳಗೆ ಬರುವ ನೀರು, ಹೊರಗೆ ಹೋಗುವ ಮಲ ಅಲ್ಲ. ಸಮುದ್ರದ ನೀರಿನಲ್ಲಿ ಕಣ್ಣಿಗೆ ಕಾಣದ ಜೀವಿಗಳು ತುಂಬಿರುತ್ತವೆ, ಲೀಟರಿಗೆ ಸುಮಾರು 2.7 ಗ್ರಾಂ ಸಲ್ಫೇಟ್ ಕರಗಿರುತ್ತದೆ. ದೋಣಿ ಕಟ್ಟಿಹಾಕಿ ಹೋದಾಗ ಆ ನೀರು ಹೋಸಿನಲ್ಲಿ, ಪಂಪಿನಲ್ಲಿ, ಬೋಗುಣಿಯ ಅಂಚಿನ ಒಳಗಿನ ಕಾಲುವೆಯಲ್ಲಿ ನಿಂತುಬಿಡುತ್ತದೆ. ಜೀವಿಗಳು ಸತ್ತು ಕೊಳೆಯುತ್ತವೆ, ಆಮ್ಲಜನಕ ಮುಗಿಯುತ್ತದೆ. ಆಮೇಲೆ ಸಲ್ಫೇಟಿನಿಂದ ಹೈಡ್ರೋಜನ್ ಸಲ್ಫೈಡ್, ಅಂದರೆ ಆ ಕೊಳೆತ ಮೊಟ್ಟೆಯ ವಾಸನೆಯ ಗ್ಯಾಸ್, ಮಾಡುವ ಬ್ಯಾಕ್ಟೀರಿಯಾಗಳದ್ದೇ ರಾಜ್ಯ. ಮೇ ತಿಂಗಳಲ್ಲಿ ಮುಚ್ಚಿದ ಕ್ಯಾಬಿನ್ ಒಳಗಿನ ಬಿಸಿಗೆ ಇದು ಬೇಗನೇ ಆಗುತ್ತದೆ. ಟ್ಯಾಂಕಿಗೆ ಎಷ್ಟು ದುಬಾರಿ ದ್ರಾವಣ ಸುರಿದರೂ ಈ ವಾಸನೆಗೆ ತಾಗುವುದೇ ಇಲ್ಲ, ಏಕೆಂದರೆ ಅದು ಇರುವುದು ಪಂಪಿನ ಆಚೆ ಬದಿಗೆ.

ಇದಕ್ಕೆ ನಾನು ಮಾಡುವ ಕೆಲಸ ಸಣ್ಣದು. ಪಕ್ಕದ ವಾಶ್ ಬೇಸಿನ್ನಿನ ನೀರು ಹೋಗುವ ಪೈಪನ್ನು ಒಂದು ‘ಟಿ’ ಹಾಕಿ ಟಾಯ್ಲೆಟ್ಟಿನ ಒಳಬರುವ ಹೋಸಿಗೆ, ತಳದ ವಾಲ್ವಿನ ಮೇಲ್ಬದಿಯಲ್ಲೇ ಸೇರಿಸಿಬಿಡುತ್ತೇನೆ. ದೋಣಿ ಬಿಟ್ಟು ಹೋಗುವಾಗ ವಾಲ್ವ್ ಮುಚ್ಚಿ, ಬೇಸಿನ್ ತುಂಬ ಸಿಹಿನೀರು ಬಿಟ್ಟು ಪಂಪ್ ಹೊಡೆದರೆ ಸಮುದ್ರದ ಬದಲು ಬೇಸಿನ್ನಿನ ನೀರೇ ಎಳೆಯುತ್ತದೆ. ನಾಲ್ಕೈದು ಲೀಟರಿನಲ್ಲಿ ಉಪ್ಪುನೀರೆಲ್ಲ ತೊಳೆದುಹೋಗುತ್ತದೆ. ವಾಲ್ವ್ ಹಾಗೇ ಮುಚ್ಚಿಟ್ಟು ಹೋಗಬಹುದು. ಯಾರೂ ಇಲ್ಲದ ದೋಣಿಯಲ್ಲಿ ತಳದ ವಾಲ್ವ್ ತೆರೆದಿಡುವುದು ಹೇಗೂ ಒಳ್ಳೆಯದಲ್ಲ. ಕೆಲವರು ಕುಡಿಯುವ ನೀರಿನ ಪ್ರೆಶರ್ ಲೈನನ್ನೇ ಟಾಯ್ಲೆಟ್ಟಿಗೆ ಜೋಡಿಸಿಕೊಡಿ ಅನ್ನುತ್ತಾರೆ. ಅದನ್ನು ನಾನು ಮಾಡುವುದಿಲ್ಲ. ಒಂದು ವಾಲ್ವ್ ಕೆಟ್ಟರೆ ಬೋಗುಣಿಯ ನೀರು ಚಹಾದ ಪಾತ್ರೆಗೆ ಬಂದೀತು.

ಬಳಸದೆ ಇದ್ದಾಗಲೂ ಇರುವ ವಾಸನೆ, ಅದರಲ್ಲೂ ಕಪಾಟಿನ ಬಾಗಿಲು ತೆಗೆದ ಕೂಡಲೇ ಮುಖಕ್ಕೆ ಹೊಡೆಯುವ ವಾಸನೆ, ಹೆಚ್ಚಾಗಿ ಹೋಸಿನದು. ಹೋಸ್ ಸೋರುತ್ತಿರುವುದಿಲ್ಲ, ಹೊರಗೆಲ್ಲ ಒಣಗಿಯೇ ಇರುತ್ತದೆ. ಒಳಗಿನ ನಾತವೇ ರಬ್ಬರನ್ನೋ ಪ್ಲಾಸ್ಟಿಕ್ಕನ್ನೋ ಹಾದು ಹೊರಗೆ ಬಂದಿರುತ್ತದೆ. ಪತ್ತೆ ಮಾಡುವುದು ಸುಲಭ. ಹೋಸಿನ ಮೈ ಚೆನ್ನಾಗಿ ಒರೆಸಿ, ಒಗೆದ ಬಟ್ಟೆಯೊಂದನ್ನು ಬಿಸಿನೀರಿನಲ್ಲಿ ಅದ್ದಿ ಹಿಂಡಿ ಸುತ್ತಬೇಕು. ತಣ್ಣಗಾದ ಮೇಲೆ ಬಟ್ಟೆ ಬಿಚ್ಚಿಕೊಂಡು ಹೊರಗೆ ಗಾಳಿಗೆ ಬಂದು ಮೂಸಬೇಕು. ಕ್ಯಾಬಿನ್ ಒಳಗೇ ಮೂಸಿದರೆ ಎಲ್ಲವೂ ನಾರಿದ ಹಾಗೇ ಇರುತ್ತದೆ. ನನ್ನ ಜೊತೆ ಕೆಲಸ ಮಾಡುವ ಹುಡುಗ ಗದಗ ಕಡೆಯವನು, ಜುವಾರಿನಗರದಲ್ಲಿ ಇರುತ್ತಾನೆ. ಅವನ ಮೂಗು ನನ್ನದಕ್ಕಿಂತ ಚುರುಕು, ಹಾಗಾಗಿ ಬಟ್ಟೆ ಮೂಸುವ ಕೆಲಸ ಅವನದೇ. “ಅಣ್ಣಾ, ಕೆಳಗಿನ ಬಟ್ಟಿ ನಾರಾಕತ್ತೈತ್ರಿ, ಮ್ಯಾಲಿಂದು ಏನೂ ಇಲ್ರಿ” ಅಂದರೆ ಕೆಳಗಿನ ಹೋಸ್ ಬದಲಿಸಲೇಬೇಕು. ಹಾದುಬಂದ ನಾತಕ್ಕೆ ತೊಳೆಯುವುದು, ಟೇಪ್ ಸುತ್ತುವುದು ಯಾವುದೂ ಮದ್ದಲ್ಲ.

ಬದಲಿಸುವಾಗ ಏನು ಹಾಕುತ್ತೀರಿ ಅನ್ನುವುದು ಮುಖ್ಯ. ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ, ಮೈಮೇಲೆ ಸುರುಳಿ ಇರುವ ಹಸಿರು ಸಕ್ಷನ್ ಪೈಪ್ ನೋಡಲು ಗಟ್ಟಿ, ಬೆಲೆಯೂ ಕಮ್ಮಿ. ತೋಟಕ್ಕೆ ಒಳ್ಳೆಯದು. ಮಲದ ಲೈನಿಗೆ ಹಾಕಿದರೆ ಒಂದೇ ಸೀಸನ್ನಿಗೆ ನಾತ ಬಿಡಲು ಶುರು. ಸ್ಯಾನಿಟೇಶನ್ ಹೋಸ್ ಅಂತಲೇ ಬರುವುದಕ್ಕೆ ಅದರ ಹಲವು ಪಟ್ಟು ಬೆಲೆ. ಜಾಗ ನೇರವಾಗಿದ್ದಲ್ಲಿ ನಾನು ಮನೆಗೆ ಹಾಕುವ ಗಟ್ಟಿ ಪಿವಿಸಿ ಪೈಪನ್ನೇ ಹಾಕಿ, ಎರಡು ತುದಿಗೆ ಮಾತ್ರ ಸ್ಯಾನಿಟೇಶನ್ ಹೋಸ್ ಕೊಡುತ್ತೇನೆ. ಗಟ್ಟಿ ಪಿವಿಸಿಯನ್ನು ನಾತ ಹಾದುಬರುವುದಿಲ್ಲ. ತೊಂದರೆ ಅಳತೆಯದು. ನಮ್ಮ 40 ಮಿ.ಮೀ. ಪೈಪು 38 ಮಿ.ಮೀ. ಹೋಸಿನೊಳಗೆ ನೇರ ಕೂರುವುದಿಲ್ಲ, ಲೇತ್ ಅಂಗಡಿಯಲ್ಲಿ ನಡುವಿನ ತುಂಡು ಮಾಡಿಸಬೇಕು. ಪ್ರತಿ ಜೋಡಣೆಗೂ ಎರಡೆರಡು 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಕ್ಲಿಪ್ಪು.

ಹೋಸ್ ಹಾಳಾಗುವುದು ಮಲ ಅದರಲ್ಲಿ ನಿಂತಲ್ಲಿ. ಜೋತುಬಿದ್ದ ಜಾಗವೇ ಮೊದಲು ನಾರುತ್ತದೆ. ಆದ್ದರಿಂದ ಅದನ್ನು ಎತ್ತಿ ಕಟ್ಟಿ ಇಳಿಜಾರು ಕೊಡಬೇಕು, ಬಳಸುವವರು ಸಾಕಷ್ಟು ಪಂಪೂ ಹೊಡೆಯಬೇಕು. 38 ಮಿ.ಮೀ. ಹೋಸಿನ ಒಂದು ಮೀಟರಿನಲ್ಲಿ ಒಂದು ಲೀಟರಿಗಿಂತ ತುಸು ಹೆಚ್ಚು ಹಿಡಿಯುತ್ತದೆ. ಟ್ಯಾಂಕಿಗೆ ಮೂರು ಮೀಟರ್ ಇದ್ದರೆ ಸುಮಾರು ಮೂರೂವರೆ ಲೀಟರ್. ಬೋಗುಣಿ ಖಾಲಿ ಕಂಡ ಕೂಡಲೇ ಪಂಪ್ ನಿಲ್ಲಿಸಿದರೆ ಅದೆಲ್ಲ ಹೋಸಿನಲ್ಲೇ ಉಳಿಯಿತು. ಅದಕ್ಕೆ ಬೇಸಿನ್ನಿಗೆ ಅಳೆದು ನೀರು ಹಾಕಿ, ಅಷ್ಟು ನೀರು ತಳ್ಳಲು ಎಷ್ಟು ಪಂಪ್ ಬೇಕು ಅಂತ ಎಣಿಸಿ, ಆ ಸಂಖ್ಯೆಯನ್ನು ಗೋಡೆಗೆ ಅಂಟಿಸುತ್ತೇವೆ. ಒಂದು ಬಾಡಿಗೆ ದೋಣಿಯಲ್ಲಿ ಕನ್ನಡದಲ್ಲೂ ಬರೆದಿದ್ದೇವೆ, ವಾರಾಂತ್ಯಕ್ಕೆ ಬೆಳಗಾವಿ, ಹುಬ್ಬಳ್ಳಿ ಕಡೆಯವರೇ ಜಾಸ್ತಿ. ಬೋಗುಣಿಯ ಹಿಂದಿನ ಜೋಕರ್ ವಾಲ್ವ್ ಅನ್ನುವ ರಬ್ಬರ್ ತುಂಡನ್ನು ವರ್ಷಕ್ಕೊಮ್ಮೆ ಬದಲಿಸಿ. ಅದು ಸಡಿಲಾದರೆ ತಳ್ಳಿದ್ದು ಬೋಗುಣಿಗೆ ಹಿಂದೆ ಬರುತ್ತದೆ.

ಈಗ ಟ್ಯಾಂಕ್. ಡೆಕ್ ಮೇಲೆ ಕೂತವರು ಮೂಗು ಮುಚ್ಚಿಕೊಳ್ಳುತ್ತಿದ್ದರೆ ನಿಜವಾಗಿ ಟ್ಯಾಂಕೇ ನಾರುತ್ತಿದೆ. ಆಗ ಎಲ್ಲರಿಗೂ ಬರುವ ಮೊದಲ ಯೋಚನೆ ವೆಂಟನ್ನು ಮುಚ್ಚುವುದು, ಇಲ್ಲವೇ ಅದಕ್ಕೆ ಇದ್ದಿಲಿನ ಫಿಲ್ಟರ್ ಹಾಕುವುದು. ಮಾಡಬೇಕಾದ್ದು ಅದರ ಉಲ್ಟಾ. ನಮ್ಮ ಕಡೆ ಮನೆ ಹಿತ್ತಲಲ್ಲಿ ಗೋಬರ್ ಗ್ಯಾಸ್ ಗುಂಡಿ ಇದ್ದವರಿಗೆ ಇದು ಬೇಗ ಅರ್ಥವಾಗುತ್ತದೆ. ಗಾಳಿ ಆಡದಂತೆ ಮುಚ್ಚಿದರೆ ಗ್ಯಾಸ್ ಹುಟ್ಟುತ್ತದೆ, ಅದಕ್ಕೆಂದೇ ಮುಚ್ಚುವುದು. ಗಾಳಿ ಆಡದ ಹೋಲ್ಡಿಂಗ್ ಟ್ಯಾಂಕ್ ಕೂಡ ಅದೇ, ಒಲೆ ಮಾತ್ರ ಇಲ್ಲ. ಆಮ್ಲಜನಕ ಸಿಕ್ಕರೆ ಬೇರೆ ಜಾತಿಯ ಬ್ಯಾಕ್ಟೀರಿಯಾ ಬೆಳೆಯುತ್ತವೆ. ಅವು ಬಿಡುವ ಇಂಗಾಲದ ಡೈ ಆಕ್ಸೈಡಿಗೆ ವಾಸನೆ ಇಲ್ಲ. ಹೆಚ್ಚಿನ ದೋಣಿಗಳಲ್ಲಿ ವೆಂಟ್ 16 ಅಥವಾ 19 ಮಿ.ಮೀ. ಇರುತ್ತದೆ, ಅದೂ ನಾಲ್ಕು ಕಡೆ ಬಳುಕಿಕೊಂಡು. ಅದರಿಂದ ಗ್ಯಾಸ್ ಹೊರಗೆ ಹೋದೀತು, ಹೊಸ ಗಾಳಿ ಒಳಗೆ ಬರುವುದಿಲ್ಲ. ನಾನು 25 ಮಿ.ಮೀ.ಗಿಂತ ಕಮ್ಮಿ ಹಾಕುವುದಿಲ್ಲ. ಜಾಗವಿದ್ದರೆ ಎರಡು ವೆಂಟು, ದೋಣಿಯ ಎಡಕ್ಕೊಂದು ಬಲಕ್ಕೊಂದು, ಆದಷ್ಟು ಗಿಡ್ಡ, ಆದಷ್ಟು ನೇರ. ಒಂದು ಕಡೆಯಿಂದ ಗಾಳಿ ಹೊಕ್ಕು ಇನ್ನೊಂದು ಕಡೆ ಹೋಗುತ್ತದೆ. ಅದಕ್ಕೆ ಜಾಗವೇ ಇಲ್ಲದಿದ್ದರೆ 12 ವೋಲ್ಟಿನ ಸಣ್ಣ ಗಾಳಿ ಪಂಪಿನ ಕೊಳವೆಯನ್ನು ಟ್ಯಾಂಕಿನ ತಳಕ್ಕೆ ಬಿಟ್ಟರೂ ಆದೀತು, ಅಕ್ವೇರಿಯಂನಲ್ಲಿ ಮೀನಿಗೆ ಬಿಡುತ್ತಾರಲ್ಲ, ಹಾಗೆ. ಇದ್ದಿಲಿನ ಫಿಲ್ಟರ್ ಒಮ್ಮೆ ಒದ್ದೆಯಾದರೆ ಬಿರಡೆಯೇ ಸರಿ.

ನಮ್ಮಲ್ಲಿ ವೆಂಟ್ ಕಟ್ಟಿಕೊಳ್ಳಲು ಇನ್ನೊಂದು ಕಾರಣವಿದೆ, ಕುಂಬಾರ ಹುಳ. ಜೂನ್‌ನಿಂದ ಸೆಪ್ಟೆಂಬರ್ ತನಕ ದೋಣಿ ದಡದಲ್ಲಿ ಟಾರ್ಪಾಲಿನ ಕೆಳಗೆ ಕೂತಿರುತ್ತದೆ. ಬೆರಳು ದಪ್ಪದ ತೂತು ಕಂಡರೆ ಹುಳ ಬಿಡುತ್ತದೆಯೇ? ಒಳಗೆ ಮಣ್ಣಿನ ಗೂಡು ಕಟ್ಟಿ ಸಿಮೆಂಟಿನ ಹಾಗೆ ಮುಚ್ಚಿಬಿಡುತ್ತದೆ. ಅಕ್ಟೋಬರಿನಲ್ಲಿ ಪಂಪ್ ಬಿಗಿಯಾಯಿತು, ಬೋಗುಣಿಯಲ್ಲಿ ಬುಳುಬುಳು ಅನ್ನುತ್ತದೆ ಅಂತ ಫೋನ್ ಬಂದರೆ ನಾವು ಮೊದಲು ಹೋಗುವುದು ವೆಂಟಿನ ಬಾಯಿಗೆ. ಹಾಗೆ ಕಟ್ಟಿಕೊಂಡಿರುವಾಗ ಮಲ ಎಳೆದೊಯ್ಯುವ ಟ್ಯಾಂಕರಿನವರು ಬಂದು ಮೇಲಿನಿಂದ ಎಳೆದರೆ ಪ್ಲಾಸ್ಟಿಕ್ ಟ್ಯಾಂಕ್ ಒಳಕ್ಕೆ ಕುಸಿದು ಬಿರುಕು ಬಿಡಬಹುದು. ಮಳೆಗಾಲಕ್ಕೆ ಮುಂಚೆ ಟ್ಯಾಂಕ್ ಖಾಲಿ ಮಾಡಿ, ಸಿಹಿನೀರಿನಲ್ಲಿ ನೀರು ತಿಳಿಯಾಗುವ ತನಕ ತೊಳೆದು, ವೆಂಟಿಗೆ ಸ್ಟೀಲ್ ಜಾಲರಿ ಕಟ್ಟುತ್ತೇವೆ. ನೀರಿಗಿಳಿಸುವಾಗ ಜಾಲರಿ ತೆಗೆದು ಹೊರಗಿನಿಂದ ಪೈಪ್ ಹಿಡಿದು ನೀರು ಹಾಯಿಸಬೇಕು, ಉಪ್ಪು, ಧೂಳು ಏನಿದ್ದರೂ ಹೋಗುತ್ತದೆ.

ಕೆಮಿಕಲ್ ಬೇಕೇಬೇಕು ಅನ್ನುವವರಿಗೆ ನೈಟ್ರೇಟ್ ಇರುವುದನ್ನು ಹೇಳುತ್ತೇನೆ. ನೈಟ್ರೇಟ್ ಸಿಕ್ಕಾಗ ಬ್ಯಾಕ್ಟೀರಿಯಾಗಳು ಸಲ್ಫೇಟಿನ ತಂಟೆಗೆ ಹೋಗುವುದು ಕಮ್ಮಿ, ಮೊಟ್ಟೆಯ ವಾಸನೆಯೂ ಕಮ್ಮಿ. ಫಿನಾಯಿಲ್, ಬ್ಲೀಚ್ ಬೇಡ. ಕೆಲಸ ಮಾಡುವ ಒಳ್ಳೆಯ ಬ್ಯಾಕ್ಟೀರಿಯಾ ಸಾಯುತ್ತವೆ, ರಬ್ಬರ್ ಹಾಳಾಗುತ್ತದೆ. ಬ್ಲೀಚನ್ನು ಆಸಿಡ್ಡಿನ ಜೊತೆಗೋ ಮೂತ್ರದ ಜೊತೆಗೋ ಸೇರಿಸಿದರೆ ವಿಷಗಾಳಿ ಏಳುತ್ತದೆ, ದೋಣಿಯ ಸಣ್ಣ ಟಾಯ್ಲೆಟ್ಟಿನಲ್ಲಿ ಅದು ಆಟವಲ್ಲ. ಮೂತ್ರ ಮತ್ತು ಉಪ್ಪುನೀರು ಸೇರಿ ಹೋಸಿನೊಳಗೆ ಸುಣ್ಣದಂಥ ಪದರ ಕಟ್ಟುತ್ತದೆ, ಅದಕ್ಕೆ ವಾರಕ್ಕೊಮ್ಮೆ ಬಿಳಿ ವಿನೆಗರ್ ಸಾಕು. ಗೋವಾದಲ್ಲಿ ವಿನೆಗರಿಗೇನು ಬರ! ತೆಂಗಿನ ಕಳ್ಳಿನದ್ದನ್ನು ಮಾತ್ರ ಅಡುಗೆಗೇ ಇಡಿ.

ಟ್ಯಾಂಕ್ ತುಂಬಿದಾಗ ಕತ್ತಲಲ್ಲಿ ನದಿಗೆ ಬಿಟ್ಟುಬಿಡಿ ಅನ್ನುವವರೂ ಸಿಗುತ್ತಾರೆ. ದೊಡ್ಡ ಹಡಗುಗಳಿಗೆ ಇರುವ ಅಂತರರಾಷ್ಟ್ರೀಯ ನಿಯಮ, ಅಂದರೆ ಮಾರ್ಪಾಲ್ ಒಪ್ಪಂದದ ನಾಲ್ಕನೇ ಅನುಬಂಧ, ಸಂಸ್ಕರಿಸದ ಮಲವನ್ನು ದಡದಿಂದ 12 ನಾಟಿಕಲ್ ಮೈಲಿ, ಅಂದರೆ ಸುಮಾರು 22 ಕಿ.ಮೀ. ಆಚೆ, ಸಾಗುತ್ತಿರುವಾಗ ನಿಧಾನಕ್ಕೆ ಬಿಡಬೇಕು ಅನ್ನುತ್ತದೆ. ನಾವು ರಿಪೇರಿ ಮಾಡುವ ದೋಣಿಗಳು ಆ ನಿಯಮದ ಗಾತ್ರಕ್ಕೆ ಬರುವುದಿಲ್ಲ, ನಿಜ. ಆದರೆ ಇಳಿತದ ಹೊತ್ತಿಗೆ ಅದೇ ನದಿಯ ಕೆಸರಿನಲ್ಲಿ ಹೆಂಗಸರು ಚಿಪ್ಪು ಆರಿಸುತ್ತಿರುತ್ತಾರೆ. ಚಿಪ್ಪು ನೀರನ್ನು ಸೋಸಿಯೇ ಬದುಕುವ ಪ್ರಾಣಿ. ನಾವು ಟ್ಯಾಂಕರ್ ಕರೆಸುತ್ತೇವೆ, ಅದರ ದುಡ್ಡು ಬಿಲ್ಲಿನಲ್ಲಿ ಬರುತ್ತದೆ.

ಇನ್ನೊಂದು ವಿಷಯಕ್ಕೆ ನನ್ನ ಹತ್ತಿರ ಚೌಕಾಸಿ ಇಲ್ಲ. ದೊಡ್ಡ ಟ್ಯಾಂಕಿನ ಮುಚ್ಚಳ ತೆಗೆದು “ಹುಡುಗನ್ನ ಇಳಿಸಿ ಉಜ್ಜಿಸಿ” ಅಂದ ಮಾಲೀಕರಿದ್ದಾರೆ. ಹೈಡ್ರೋಜನ್ ಸಲ್ಫೈಡ್ ಗಾಳಿಗಿಂತ ಭಾರ, ತಳದಲ್ಲೇ ಕೂರುತ್ತದೆ. ಸ್ವಲ್ಪ ಇದ್ದಾಗ ಮೂಗಿಗೆ ಹೊಡೆಯುತ್ತದೆ, 100 ಪಿಪಿಎಂ, ಅಂದರೆ ಗಾಳಿಯ ಹತ್ತು ಲಕ್ಷ ಪಾಲಿಗೆ ನೂರು ಪಾಲು, ಹತ್ತಿರ ಬಂದರೆ ಮೂಗೇ ಸತ್ತುಹೋಗುತ್ತದೆ, ವಾಸನೆ ಹೋಯಿತು ಅಂದುಕೊಂಡವನು ಅಲ್ಲೇ ಬೀಳುತ್ತಾನೆ. ಸೆಪ್ಟಿಕ್ ಟ್ಯಾಂಕಿಗೆ ರಕ್ಷಣೆಯಿಲ್ಲದೆ ಜನರನ್ನು ಇಳಿಸುವುದನ್ನು ಮಲ ಹೊರುವ ಪದ್ಧತಿಯ ವಿರುದ್ಧದ 2013ರ ಕಾಯ್ದೆ ನಿಷೇಧಿಸಿದೆ, ದೋಣಿಯ ಟ್ಯಾಂಕಿಗೆ ಬೇರೆ ನ್ಯಾಯ ಯಾಕೆ? ಹೊರಗೆ ನಿಂತು ನೀರು ಹೊಡೆದು ಎಳೆಯುತ್ತೇವೆ. ಹೋಗದಿದ್ದರೆ ಟ್ಯಾಂಕನ್ನೇ ಬಿಚ್ಚುತ್ತೇವೆ.

ಉಳಿದದ್ದು ವಾಲಿದಾಗ ಬರುವ ವಾಸನೆ. ಒಂದು ದೋಣಿಯ ಮಾಲೀಕರು ನಮ್ಮನ್ನು ಕರೆಯುವ ಮೊದಲೇ ಬೇರೆಯವರ ಕೈಲಿ ಹೊಸ ಟಾಯ್ಲೆಟ್, ಹೊಸ ಹೋಸ್ ಎರಡನ್ನೂ ಹಾಕಿಸಿದ್ದರು, ವಾಸನೆ ಹಾಗೇ ಇತ್ತು. ಜೆಟ್ಟಿಯಲ್ಲಿ ನಿಂತಾಗ ಏನೂ ಇಲ್ಲ. ಅಗುವಾದ ಕೋಟೆ ದಾಟಿ ಹಾಯಿ ಬಿಗಿದು ದೋಣಿ ವಾಲಿತೋ, ಕ್ಯಾಬಿನ್ ತುಂಬ ಗಬ್ಬು. ಹುಡುಗ ಟಾಯ್ಲೆಟ್ ಕಡೆ ತಿರುಗಿಯೂ ನೋಡದೆ ನೆಲದ ಹಲಗೆ ಎತ್ತಿದ. ಕೆಳಗೆ ಸ್ನಾನದ ನೀರು ಸೇರುವ ಪ್ಲಾಸ್ಟಿಕ್ ಡಬ್ಬ, ಅದರಲ್ಲಿ ಸೋಪಿನ ಜಿಡ್ಡು, ಕೂದಲಿನ ಉಂಡೆ, ನೀರು ಏರಿದಾಗ ಪಂಪ್ ಚಾಲೂ ಮಾಡಬೇಕಾದ, ಆದರೆ ಕಟ್ಟಿಕೊಂಡ ಫ್ಲೋಟ್ ಸ್ವಿಚ್ಚು. ವಾಲಿದಾಗೆಲ್ಲ ಡಬ್ಬ ಉಕ್ಕಿ ಬಿಲ್ಜಿಗೆ, ಅಂದರೆ ನೆಲದ ಹಲಗೆಯ ಕೆಳಗಿನ ತಳಕ್ಕೆ, ಚೆಲ್ಲುತ್ತಿತ್ತು. “ಇದು ಸಂಡಾಸ್ ವಾಸನಿ ಅಲ್ರಿ ಅಣ್ಣಾ, ಬಚ್ಚಲ ಮೋರಿದು” ಅಂದ. ಡಬ್ಬ ತೊಳೆದು, ಸ್ವಿಚ್ ಬದಲಿಸಿ, ಮೇಲೊಂದು ಕೂದಲು ಹಿಡಿಯುವ ಜಾಲರಿ ಹಾಕಿದೆವು. ಬಿಲ್ ನೋಡಿದ ಮಾಲೀಕರು ಇಷ್ಟೇನಾ ಅಂತ ಕೇಳಿದರು. ಹಾಗಾದರೆ ಹಳೇ ಟಾಯ್ಲೆಟ್ ಎಲ್ಲಿ ಬಿಸಾಕಿದಿರಿ, ಅದರ ಪಂಪ್ ಇನ್ನೊಂದು ದೋಣಿಗೆ ಆಗುತ್ತಿತ್ತು ಅಂತ ನಾನು ಕೇಳಿದೆ.